ಅಕ್ಕನಿಗೆ ನಾನು ಕೊಟ್ಟ ಬಡ್ತಿ

ನನ್ನ ಅಕ್ಕನ ಹತ್ತಿರ ನಾಲ್ಕು ಸರ್ಟಿಫಿಕೇಟುಗಳಿವೆ. ಒಂದು ಕಂಪ್ಯೂಟರಿನದು, ಒಂದು ಹೊಲಿಗೆಯದು, ಒಂದು ಬ್ಯೂಟಿ ಪಾರ್ಲರಿನದು, ಕೊನೆಯದು ಗೋದಾಮಿನಲ್ಲಿ ಸಾಮಾನು ಪ್ಯಾಕ್ ಮಾಡಿ ಜೋಡಿಸಿಡುವುದರದು. ನಾಲ್ಕಕ್ಕೂ ಲ್ಯಾಮಿನೇಷನ್ ಮಾಡಿಕೊಟ್ಟವನು ನಾನೇ. ನಾಲ್ಕೂ ಸೇರಿ ಅವಳಿಗೆ ನಾಲ್ಕು ದಿನದ ಕೆಲಸ ಕೊಡಿಸಿಲ್ಲ. ಬೀದಿಯ ಹೆಂಗಸರು ಅವಳನ್ನು ‘ಸರ್ಟಿಫಿಕೇಟಕ್ಕ’ ಎಂದು ಕರೆಯುತ್ತಾರೆ. ಅವಳು ನಕ್ಕು ಸುಮ್ಮನಾಗುತ್ತಾಳೆ, ನನಗೆ ಮೈಯೆಲ್ಲ ಉರಿಯುತ್ತದೆ.

ಅವಳಿಗೆ ನಿಜವಾಗಿ ಬರುವ ಕೆಲಸ ಐದನೆಯದು. ಅದಕ್ಕೆ ಸರ್ಟಿಫಿಕೇಟಿಲ್ಲ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮುಟ, ಚಾಕುಗಳನ್ನು ತೊಳೆದು ಆವಿಯಲ್ಲಿ ಶುದ್ಧ ಮಾಡುವ ಕೋಣೆಯಿದೆ. ಅಲ್ಲಿ ಅವಳಿಗೆ ಹನ್ನೊಂದು ವರ್ಷವಾಯಿತು. ಮೇಲಿನಿಂದ ಲಿಫ್ಟಿನಲ್ಲಿ ಮುಚ್ಚಿದ ತಟ್ಟೆಗಳು ಇಳಿದು ಬರುತ್ತವೆ. ಅವಳು ಒಂದೊಂದು ಕತ್ತರಿಯ ಕೀಲನ್ನೂ ಬಿಡಿಸಿ ಬ್ರಷ್ಷಿನಿಂದ ಉಜ್ಜುತ್ತಾಳೆ, ಒದ್ದೆ ಬಟ್ಟೆಯ ತುಂಡನ್ನು ಕತ್ತರಿಸಿ ಹರಿತ ನೋಡುತ್ತಾಳೆ, ಎಣಿಸುತ್ತಾಳೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ ಜೋಡಿಸಿ ಎರಡು ಸುತ್ತು ಬಟ್ಟೆಯಲ್ಲಿ ಕಟ್ಟುತ್ತಾಳೆ. ಆಟೋಕ್ಲೇವ್ ಎನ್ನುವ ಆ ದೊಡ್ಡ ಆವಿ ಯಂತ್ರದಿಂದ ಹೊರಬಂದ ಕಟ್ಟಿನ ಮೇಲೆ ಅಂಗೈ ಇಡುತ್ತಾಳೆ. ಒಂದು ಚೂರು ತೇವ ಅನ್ನಿಸಿದರೂ ಬಿಚ್ಚಿ ಮೊದಲಿನಿಂದ ಶುರು. ಮೇಲೆ ಡಾಕ್ಟರು ಎಷ್ಟೇ ಕಿರುಚಿಕೊಳ್ಳಲಿ, ಒದ್ದೆ ಕಟ್ಟು ಅವಳ ಕೈ ದಾಟುವುದಿಲ್ಲ. ಯಂತ್ರದ ಬಾಗಿಲಿನ ರಬ್ಬರು ಸವೆದಿದ್ದನ್ನು ಅವಳು ಸದ್ದಿನಲ್ಲೇ ಹಿಡಿದಿದ್ದಳು, ಮೆಕ್ಯಾನಿಕ್ ಎರಡು ದಿನ ಹುಡುಕಿದ ಮೇಲೆ ಒಪ್ಪಿಕೊಂಡ.

ಇಷ್ಟಾದರೂ ಕಾಗದದಲ್ಲಿ ಅವಳು ನೆಲ ಒರೆಸುವವಳು. ಕಂಟ್ರಾಕ್ಟರನ ಪಟ್ಟಿಯಲ್ಲಿ ಇರುವುದೇ ಆ ಒಂದು ಹುದ್ದೆ. ಅದೂ ಹನ್ನೊಂದು ತಿಂಗಳಿಗೆ. ಕಂಟ್ರಾಕ್ಟರ್ ಬದಲಾದಾಗೆಲ್ಲ ಅವಳು ‘ಹೊಸದಾಗಿ’ ಸೇರುತ್ತಾಳೆ. ಹನ್ನೊಂದು ವರ್ಷ ಬೆವರು ಸುರಿಸಿದರೂ ಅವಳ ಅನುಭವ ಹನ್ನೊಂದು ತಿಂಗಳು ದಾಟಿದ್ದಿಲ್ಲ. ಜ್ವರ ಬಂದರೆ ಸಂಬಳ ಖೋತಾ, ಕೈ ಸುಟ್ಟುಕೊಂಡರೆ ಮುಲಾಮು ಅವಳದೇ. ಭಾವ ಬಸ್ ಡಿಪೋದಲ್ಲಿ ಟೈರು ಬದಲಿಸುವವರು, ಅವರ ಬೆನ್ನು ಈಗಾಗಲೇ ಮಾತು ಕೇಳುವುದಿಲ್ಲ. ಮನೆಯಲ್ಲಿ ಯಾರಾದರೊಬ್ಬರಿಗೆ ಕಾಯಂ ಕೆಲಸ ಅಂತ ಒಂದು ಬೇಕೇ ಬೇಕಿತ್ತು.

ಅದು ಬಂತು ಕೂಡ. ರಾಜ್ಯ ಸರ್ಕಾರ ಹೊಸ ಯೋಜನೆ ತಂದಿತು. ಒಳ್ಳೆಯ ಉದ್ಯೋಗ ಎಲ್ಲರ ಕೈಗೆ ಎಟುಕಬೇಕಂತೆ. ದೊಡ್ಡಾಸ್ಪತ್ರೆಯಲ್ಲೇ ಆರು ತಿಂಗಳು ಭತ್ಯೆ ಕೊಟ್ಟು ತರಬೇತಿ, ಆಮೇಲೆ ಅದೇ ನೆಲಮಾಳಿಗೆ ಕೋಣೆಯಲ್ಲಿ ಟೆಕ್ನಿಷಿಯನ್ ಅಂತ ಕಾಯಂ ಹುದ್ದೆ. ರಜೆ, ವಿಮೆ, ಪಿಂಚಣಿ ಎಲ್ಲ ಉಂಟು. ಕೆಲಸ ಇಲ್ಲದವರು ಅಥವಾ ಕಡಿಮೆ ಸಂಬಳದಲ್ಲಿ ಇರುವವರು ಅರ್ಜಿ ಹಾಕಬಹುದು, ಹತ್ತನೇ ತರಗತಿ ಪಾಸಾಗಿರಬೇಕು, ನಲವತ್ತೈದು ದಾಟಿರಬಾರದು. ಅಕ್ಕನಿಗೆ ನಲವತ್ತೈದು ತುಂಬಲು ಎರಡು ತಿಂಗಳಿತ್ತು. ಯೋಜನೆ ವರ್ಷಕ್ಕೊಮ್ಮೆ. ಅಂದರೆ ಅವಳಿಗೆ ಇದೊಂದೇ ಸಲ.

ಕೋಣೆಯ ಇನ್‌ಚಾರ್ಜ್ ಸಿಸ್ಟರ್ ಪ್ರಕಟಣೆಯ ಪ್ರತಿಯನ್ನು ಅವಳ ಕೈಗಿಟ್ಟು, “ಇದು ನಿಂಗೋಸ್ಕರಾನೇ ಬರೆದಂಗಿದೆ ನೋಡು. ಶುಕ್ರವಾರ ಕೊನೇ ದಿನ, ಮರೀಬೇಡ” ಅಂದಿದ್ದರಂತೆ.

ಸೋಮವಾರ ಬೆಳಿಗ್ಗೆ ಅಕ್ಕ ನನ್ನ ಅಂಗಡಿಗೆ ಬಂದಳು. ಉದ್ಯೋಗ ಕಚೇರಿಯ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಒಂದು ಮೆಷಿನ್ನು, ಒಂದು ಕಂಪ್ಯೂಟರು, ಎರಡು ಸ್ಟೂಲು. ಸರ್ಕಾರದ ಪೋರ್ಟಲ್ಲಿನಲ್ಲಿ ಜನರ ಪರವಾಗಿ ಅರ್ಜಿ ತುಂಬಲು ನನಗೆ ಅನುಮತಿಯಿತ್ತು, ಅದಕ್ಕೊಂದು ಲಾಗಿನ್ನೂ ಕೊಟ್ಟಿದ್ದರು. ಅಂಗಡಿ ನಡೆಯುತ್ತಿದ್ದದ್ದೇ ಆ ಲಾಗಿನ್ನಿನ ಮೇಲೆ. ಅಕ್ಕ ಸ್ಟೂಲಿನ ಮೇಲೆ ಕೂತು ಹತ್ತನೇ ತರಗತಿಯ ಅಂಕಪಟ್ಟಿ ಕೊಟ್ಟಳು. ನಾನು ಅವಳ ನೋಂದಣಿ ಸಂಖ್ಯೆ ಒತ್ತಿದೆ. ಪರದೆಯ ಮೇಲೆ ಕೆಂಪಕ್ಷರ ಬಂತು: ‘ಅಭ್ಯರ್ಥಿಯು ಮೇಲ್ವಿಚಾರಕಿ ಹುದ್ದೆಯಲ್ಲಿದ್ದಾರೆ. ಆದಾಯ ಮಿತಿ ಮೀರಿರುವುದರಿಂದ ಅರ್ಹರಲ್ಲ.’

ನಾನು ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ.

“ಏನಂತೋ?” ಅಂದಳು ಅಕ್ಕ.

“ಏನೋ ಸರ್ವರ್ ತೊಂದರೆ ಇರ್ಬೇಕು ಅಕ್ಕ. ನಡಿ, ಆಫೀಸಲ್ಲೇ ಕೇಳೋಣ” ಅಂದೆ. ಸರ್ವರಿನ ತಲೆ ಮೇಲೆ ಹಾಕಿದರೆ ಅದು ಎದುರು ಮಾತಾಡುವುದಿಲ್ಲವಲ್ಲ.

ಆದದ್ದು ಇಷ್ಟು. ಮೂರು ವರ್ಷದ ಹಿಂದೆ ಕಂಟ್ರಾಕ್ಟರ್ ಬದಲಾಗಿ ಅಕ್ಕ ನಾಲ್ಕು ತಿಂಗಳು ಮನೆಯಲ್ಲಿದ್ದಳು. ಆಗ ಪೀಠೋಪಕರಣದ ಅಂಗಡಿಯ ಮಹಡಿಯಲ್ಲಿ ಒಂದು ತರಬೇತಿ ಕೇಂದ್ರ ಇತ್ತು. ಅದನ್ನು ನಡೆಸುತ್ತಿದ್ದ ಕೋ-ಆರ್ಡಿನೇಟರ್ ಮನೆಮನೆಗೆ ಬಂದು ಹೆಂಗಸರನ್ನು ಒಟ್ಟು ಮಾಡುತ್ತಿದ್ದ, ತಲೆ ಹೆಚ್ಚಿದಷ್ಟೂ ಅವನಿಗೆ ಲಾಭ. ಗೋದಾಮಿನ ಕೋರ್ಸಿಗೆ ಗೋದಾಮು ಎಂದರೆ ನಾಲ್ಕು ರಟ್ಟಿನ ಡಬ್ಬ. ಅವನ್ನೇ ಮೂರು ತಿಂಗಳು ಈ ಮೂಲೆಯಿಂದ ಆ ಮೂಲೆಗೆ ಜೋಡಿಸಿದರು. ಕೊನೆಯ ದಿನ ಮೂವತ್ತೆಂಟು ಜನಕ್ಕೂ ‘ಕೆಲಸದ ಆದೇಶ’ ಕೊಡುವ ಫೋಟೊ. ಲಕೋಟೆ ಇದ್ದದ್ದು ಒಂದೇ, ಅದೂ ಖಾಲಿ. ಒಬ್ಬಳು ಹಿಡಿದು ನಗಬೇಕು, ಫೋಟೊ ಆದಮೇಲೆ ಮುಂದಿನವಳ ಕೈಗೆ ಕೊಡಬೇಕು. ಅಕ್ಕನ ಸರದಿ ಬರುವ ಹೊತ್ತಿಗೆ ಲಕೋಟೆ ಮೂವತ್ತೇಳು ಜನರ ಬೆವರಿಗೆ ಮೆತ್ತಗಾಗಿತ್ತಂತೆ. ಮನೆಗೆ ಬಂದು ಅದನ್ನು ಅಭಿನಯಿಸಿ ತೋರಿಸಿದಳು. ಭಾವ ಬೆನ್ನು ಹಿಡಿದುಕೊಂಡು ನಕ್ಕರು. ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಆಮೇಲಿನದು ಅವಳಿಗೆ ಗೊತ್ತಿರಲಿಲ್ಲ. ಎರಡು ವಾರ ಬಿಟ್ಟು ಕೋ-ಆರ್ಡಿನೇಟರ್ ಅದೇ ಮೂವತ್ತೆಂಟು ಹೆಸರಿನ ಪಟ್ಟಿ ಹಿಡಿದು ನನ್ನ ಅಂಗಡಿಗೆ ಬಂದ. “ಇವರಿಗೆಲ್ಲ ಕೆಲಸ ಸಿಕ್ಕಿದೆ ಅಂತ ಪೋರ್ಟಲ್ಲಿಗೆ ಹಾಕ್ಬಿಡು ಗುರು. ಕೆಲಸ ಕೊಡ್ಸಿದ್ರೇನೇ ಸರ್ಕಾರ ಪೂರ್ತಿ ದುಡ್ಡು ಬಿಡೋದು. ಎಲ್ಲ ಕಡೆ ಹಿಂಗೇ ನಡ್ಯೋದು” ಅಂದ. ಎಲ್ಲ ಕಡೆ ಹಾಗೇ ನಡೆಯುತ್ತದೆ ಎಂದು ನನಗೂ ಗೊತ್ತಿತ್ತು. ಯಾರಿಗೂ ನಷ್ಟವಿಲ್ಲ ಅಂದುಕೊಂಡೆ. ಊರಾಚೆಯ ಒಂದು ಪ್ಯಾಕಿಂಗ್ ಕಂಪನಿಯ ಹೆಸರು, ಹುದ್ದೆ ‘ಸಹಾಯಕಿ’, ಸಂಬಳ ಅತಿ ಕಡಿಮೆಯದು. ಸಾಲು ಸಾಲಾಗಿ ಒತ್ತುತ್ತ ಹೋದೆ. ಇಪ್ಪತ್ತಮೂರನೆಯ ಸಾಲಿನಲ್ಲಿ ಅಕ್ಕನ ಹೆಸರು ಬಂತು. ಕೈ ನಿಂತಿತು. ನಮ್ಮಕ್ಕನೂ ಸಹಾಯಕಿಯೇ? ಸುಳ್ಳೇ ಬರೆಯುವುದಾದರೆ ಜಿಪುಣತನ ಯಾಕೆ ಅನ್ನಿಸಿತು. ಹುದ್ದೆಗಳ ಪಟ್ಟಿಯಲ್ಲಿ ಕೆಳಗಿಳಿದು ‘ಮೇಲ್ವಿಚಾರಕಿ’ ಆರಿಸಿದೆ, ಅದಕ್ಕೆ ತಕ್ಕ ಸಂಬಳವನ್ನೂ ಕೊಟ್ಟೆ. ಒಬ್ಬನೇ ಕೂತು ನಕ್ಕೆ. ನನ್ನ ಕೈಯಲ್ಲಿ ಅವಳಿಗೆ ಕೊಡಲು ಆದದ್ದು ಅಷ್ಟೇ, ಕೊಟ್ಟಾಯಿತು ಎಂದು ಖುಷಿಯನ್ನೂ ಪಟ್ಟೆ.

ಅದೇ ಬಡ್ತಿ ಈಗ ಕೆಂಪಕ್ಷರದಲ್ಲಿ ನಿಂತಿತ್ತು.

ಕಚೇರಿಯ ಮೂರನೇ ಕೌಂಟರಿನಲ್ಲಿ ಕೂರುವ ಮೇಡಂ ಕೆಟ್ಟವರಲ್ಲ, ದಣಿದವರು. ಪರದೆ ನೋಡಿ, “ನೀವು ಮೇಲ್ವಿಚಾರಕಿ ಅಂತಿದೆಯಲ್ಲಮ್ಮ” ಅಂದರು.

“ನಾನಾ? ಯಾರ ಮೇಲೆ?” ಅಂದಳು ಅಕ್ಕ.

“ಪ್ಯಾಕಿಂಗ್ ಕಂಪನೀಲಿ. ಮೂರು ವರ್ಷದಿಂದ.”

“ಆ ಕಂಪನಿ ಗೇಟು ಯಾವ ದಿಕ್ಕಿಗಿದೆ ಅಂತಾನೂ ಗೊತ್ತಿಲ್ಲ ಮೇಡಂ. ನಾನು ಆಸ್ಪತ್ರೇಲಿ ಇದೀನಿ.”

“ಆಸ್ಪತ್ರೆ ಕಂಟ್ರಾಕ್ಟರ್ ಲೆಕ್ಕ ನಮ್ಮ ಪೋರ್ಟಲ್ಲಿಗೆ ಬರಲ್ಲಮ್ಮ. ಇಲ್ಲಿ ಇರೋದಿಷ್ಟೇ. ಆ ಕಂಪನಿ ಕೆಲಸ ಬಿಟ್ಟಿದೀನಿ ಅಂತ ಅವರ ಹತ್ರ ಪತ್ರ ತಗೊಂಡು ಬನ್ನಿ, ತೆಗೀತೀವಿ.”

“ಸೇರದೇ ಇರೋ ಕೆಲಸ ಬಿಡೋದು ಹೆಂಗೆ ಮೇಡಂ?”

“ಕಂಪ್ಯೂಟರಲ್ಲಿ ಸೇರಿದೀರ, ಕಂಪ್ಯೂಟರಲ್ಲಿ ಬಿಡ್ಬೇಕು.” ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಅಲ್ಲಾ, ಇದನ್ನ ತುಂಬಿದ್ದು ಯಾರು?”

ಅಕ್ಕ ನನ್ನ ಕಡೆ ತಿರುಗಿದಳು. ಅನುಮಾನದಿಂದಲ್ಲ, ಇಂಥದ್ದೆಲ್ಲ ನನಗೆ ಗೊತ್ತಿರುತ್ತದೆ ಎಂಬ ನಂಬಿಕೆಯಿಂದ. ಆ ಒಂದು ಕ್ಷಣದಲ್ಲಿ ನನಗೆ ಲಾಗಿನ್ ಕಂಡಿತು, ಅಂಗಡಿಯ ಬಾಡಿಗೆ ಕಂಡಿತು, ಅಕ್ಕನ ಮುಖ ಕೊನೆಗೆ ಕಂಡಿತು. “ಟ್ರೈನಿಂಗ್ ಸೆಂಟರಿನೋರು ಇರ್ಬೇಕು ಮೇಡಂ” ಅಂದೆ.

ಮಂಗಳವಾರ ತರಬೇತಿ ಕೇಂದ್ರ ಹುಡುಕಿಕೊಂಡು ಹೋದೆವು. ಮಹಡಿಯಲ್ಲಿ ಈಗ ಜಿಮ್ ಇದೆ. ಡಬ್ಬ ಜೋಡಿಸುತ್ತಿದ್ದ ಮೂಲೆಯಲ್ಲಿ ಒಬ್ಬ ದಾಂಡಿಗ ಕಬ್ಬಿಣ ಎತ್ತುತ್ತಿದ್ದ. ಕೋ-ಆರ್ಡಿನೇಟರನ ನಂಬರು ಚಾಲ್ತಿಯಲ್ಲಿರಲಿಲ್ಲ. ಸರ್ಕಾರದ ಕಣ್ಣಿಗೆ ಮಣ್ಣೆರಚಿ ಅವನು ಎಲ್ಲೋ ಹಾಯಾಗಿದ್ದಾನೆ ಎಂದು ನಾನು ದಾರಿಯುದ್ದಕ್ಕೂ ಅವನಿಗೆ ಶಾಪ ಹಾಕಿದೆ. ಅಕ್ಕ, “ಬಿಡೋ, ಬೈದ್ರೆ ಪತ್ರ ಬರುತ್ತಾ?” ಅಂದಳು. ಬೈಯುವುದು ನನಗೆ ಆಗ ಎಷ್ಟು ಅನುಕೂಲವಾಗಿತ್ತೆಂದು ಅವಳಿಗೇನು ಗೊತ್ತು.

ಬುಧವಾರ ಸಂಬಳ ಕಳೆದುಕೊಂಡು ರಜೆ ಹಾಕಿ, ಎರಡು ಬಸ್ಸು ಬದಲಿಸಿ ಕಂಪನಿಗೆ ಹೋದೆವು. ಗೇಟಿನ ಕಾವಲುಗಾರ ಒಂದೂವರೆ ಗಂಟೆ ಬಿಸಿಲಲ್ಲಿ ನಿಲ್ಲಿಸಿದ. ತನ್ನ ಮೇಲ್ವಿಚಾರಕಿಯನ್ನೇ ಒಳಗೆ ಬಿಡುವುದಿಲ್ಲವಲ್ಲ ಎಂದು ಅಕ್ಕ ತಮಾಷೆ ಮಾಡಿದಳು. ನನಗೆ ನಗು ಬರಲಿಲ್ಲ. ಕೊನೆಗೆ ಸಿಬ್ಬಂದಿ ವಿಭಾಗದವನೊಬ್ಬ ಹೊರಗೆ ಬಂದು, ಫೋನಿನಲ್ಲಿ ಏನೋ ನೋಡಿ, “ಈ ಹೆಸರಿನೋರು ನಮ್ಮಲ್ಲಿ ಯಾವತ್ತೂ ಇರ್ಲಿಲ್ಲ” ಅಂದ.

“ಅದನ್ನೇ ಬರ್ದು ಕೊಡಿ ಸಾರ್. ಅಷ್ಟೇ ಸಾಕು” ಅಂದಳು ಅಕ್ಕ.

“ಇಲ್ಲದೋರ ಬಗ್ಗೆ ನಾವು ಪತ್ರ ಕೊಡಲ್ಲಮ್ಮ.”

“ಇದ್ದಿದ್ರೆ ಕೊಡ್ತಿದ್ರಾ?”

“ಇದ್ದು, ಬಿಟ್ಟಿದ್ರೆ ಕೊಡ್ತಿದ್ವಿ.”

ನನಗೆ ತಲೆ ಕೆಟ್ಟುಹೋಯಿತು. ಮಾತಿಗೆ ಮಾತು ಬೆಳೆದು ಅವನ ಅಂಗಿಯ ಕಾಲರಿಗೆ ಕೈ ಹಾಕುವುದರಲ್ಲಿದ್ದೆ. ಅಕ್ಕ ನನ್ನ ತೋಳು ಹಿಡಿದು ಎಳೆದುಕೊಂಡು ಬಸ್ ಸ್ಟಾಪಿಗೆ ಬಂದಳು.

ಬಸ್ಸಿನಲ್ಲಿ ಅವಳಿಗೊಂದು ಫೋನು ಬಂತು. ಗೋದಾಮಿನ ಕೋರ್ಸಿನಲ್ಲಿ ಅವಳ ಜೊತೆಗಿದ್ದ, ಮನೆಯಲ್ಲಿ ಬಟ್ಟೆ ಹೊಲಿಯುವ ಹುಡುಗಿ. ಎಲ್ಲರೂ ಅವಳನ್ನು ಟೈಲರ್ ಹುಡುಗಿ ಅಂತಲೇ ಕರೆಯುವುದು. ಅವಳ ಸಂಭ್ರಮ ನನ್ನ ಸೀಟಿಗೂ ಕೇಳುತ್ತಿತ್ತು. “ನನ್ನ ಅರ್ಜಿ ತಗೊಂಡ್ತು ಅಕ್ಕ! ಎಲ್ಲೋ ಸಹಾಯಕಿ ಅಂತ ಹಾಕಿಬಿಟ್ಟಿದ್ರು, ಭಯ ಆಗಿತ್ತು. ಸಂಬಳ ಕಮ್ಮಿ ತೋರ್ಸಿದಾರಲ್ಲ, ಪರ್ವಾಗಿಲ್ಲ ಅಂತ ಒಪ್ಕೊಂಡ್ತು.”

“ಒಳ್ಳೇದಾಯ್ತು ಬಿಡೇ” ಅಂದಳು ಅಕ್ಕ, ಮನಸ್ಸಿಟ್ಟೇ ಅಂದಳು. ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ, “ಎಲ್ಲಾರನ್ನೂ ಸಹಾಯಕಿ ಅಂತ ಹಾಕಿದಾರೆ. ನನ್ನನ್ನ ಮಾತ್ರ ಯಾಕೋ ಮೇಲ್ವಿಚಾರಕಿ ಮಾಡಿದ್ರು? ಅಲ್ಲಿ ನನ್ನ ಮೇಲೆ ಅಷ್ಟು ಪ್ರೀತಿ ಇದ್ದೋರು ಯಾರು?” ಅಂದಳು.

ಇನ್ನು ತಡೆಯಲಾಗಲಿಲ್ಲ. “ನಾನೇ ಅಕ್ಕ” ಅಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ.

ಎರಡು ಸ್ಟಾಪು ಅವಳು ಟಿಕೆಟ್ಟನ್ನು ಮಡಚುತ್ತ, ಬಿಚ್ಚುತ್ತ ಕೂತಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮೂರನೆಯ ಸ್ಟಾಪಿನಲ್ಲಿ ಕೇಳಿದಳು. “ಮಿಕ್ಕ ಮೂವತ್ತೇಳು ಹೆಸ್ರಲ್ಲಿ ಎಲ್ಲೂ ನಿಲ್ಲದೋನು ನನ್ನ ಹೆಸ್ರಲ್ಲಿ ಯಾಕೆ ನಿಂತೆ?”

“ಪ್ರೀತಿಗೆ ಅಕ್ಕ. ನೀನು ಯಾರಿಗೇನು ಕಮ್ಮಿ ಅಂತ...”

“ಪ್ರೀತಿಗೇ ನಿಂತಿದ್ರೆ ನನ್ನ ಸಾಲನ್ನ ಬಿಟ್ಟುಬಿಡ್ತಿದ್ದೆ ಕಣೋ” ಅಂದಳು. ಅಷ್ಟು ಹೇಳಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಗುರುವಾರ ಕಚೇರಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆವು. ಆ ಸಾಲು ಸುಳ್ಳು, ಅದನ್ನು ತುಂಬಿದವನು ನಾನು ಎಂದು ಬರೆದು ಸಹಿ ಹಾಕಿದ ಹಾಳೆಯನ್ನು ಕೌಂಟರಿನಲ್ಲಿಟ್ಟೆ. ಮೇಡಂ ಎರಡು ಸಲ ಓದಿದರು.

“ನಿಮ್ಮ ಲಾಗಿನ್ನಿಂದ ಹಾಕಿದ್ದಾ?”

“ಹೌದು ಮೇಡಂ.”

“ಹಂಗಿದ್ರೆ ನಿಮ್ಮ ಲಾಗಿನ್ನಿಂದಲೇ ತೆಗೀಬಹುದಿತ್ತಲ್ರೀ! ಹೊಸ ಯೋಜನೆ ಅಂತ ಹಳೇ ದಾಖಲೆ ತಿದ್ಕೊಳ್ಳೋಕೆ ಹದಿನೈದು ದಿನ ಬಿಟ್ಟಿದ್ರು. ನಿನ್ನೆ ಸಂಜೆ ಐದಕ್ಕೆ ಮುಚ್ಚಿದ್ದು. ಸೋಮವಾರ ನಾನು ಕೇಳ್ದೆ, ತುಂಬಿದ್ದು ಯಾರು ಅಂತ. ನೀವು ಇಲ್ಲೇ ನಿಂತಿದ್ರಿ.”

ಒಮ್ಮೆ ಹಾಕಿದ ಸಾಲನ್ನು ನನ್ನ ಲಾಗಿನ್ನಿಂದ ತೆಗೆಯಲು ಬರುವುದಿಲ್ಲ ಎಂದೇ ನಾನು ನಂಬಿದ್ದೆ. ನಿನ್ನೆ ಸಂಜೆ ಐದಕ್ಕೆ ನಾವು ಬಸ್ಸಿನಲ್ಲಿದ್ದೆವು. ಸೋಮವಾರ ಕೌಂಟರಿನಲ್ಲಿ ಎರಡು ಮಾತು ಹೇಳಿದ್ದರೆ, ರಸ್ತೆ ದಾಟಿ ನನ್ನ ಕುರ್ಚಿಯಲ್ಲಿ ಕೂತು, ಒಂದು ಗುಂಡಿ ಒತ್ತಿ ಮುಗಿಸಬಹುದಿತ್ತು.

“ನಾಳೆ ಒಳಗೆ ಏನೂ ಮಾಡಕ್ಕಾಗಲ್ವಾ ಮೇಡಂ?” ಅಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ.

“ಈಗ ಇದು ವಿಚಾರಣೆಗೆ ಹೋಗುತ್ತಮ್ಮ. ಕಮ್ಮಿ ಅಂದ್ರೂ ಒಂದು ತಿಂಗಳು.”

ನಾನು ಕೂಗಾಡಿದೆ. ಕೆಲಸ ಕೊಡಿಸಿದ ಲೆಕ್ಕ ಕೇಳುವ ನೀವು, ಆ ಕೆಲಸ ಎಲ್ಲಿದೆ ಅಂತ ಒಂದು ದಿನವಾದರೂ ಹೋಗಿ ನೋಡಿದ್ದೀರಾ? ಮೂವತ್ತೆಂಟು ಫೋಟೊದಲ್ಲೂ ಒಂದೇ ಲಕೋಟೆ ಇರುವುದು ನಿಮ್ಮ ಕಣ್ಣಿಗೆ ಬೀಳಲಿಲ್ಲವಾ? ಆವಿ ಯಂತ್ರದ ಮುಂದೆ ಹನ್ನೊಂದು ವರ್ಷ ಬೆಂದವಳು ನಿಮ್ಮ ಪೋರ್ಟಲ್ಲಿಗೆ ಕಾಣುವುದಿಲ್ಲ, ಖಾಲಿ ಲಕೋಟೆ ಮಾತ್ರ ಕಾಣುತ್ತದಾ? ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಈಗಲೂ ಹೇಳುತ್ತೇನೆ. ಮೇಡಂ ನನ್ನ ಹಾಳೆಗೆ ಮೊಹರು ಒತ್ತಿ, “ಎಲ್ಲಾ ಸರೀನೇ. ಆದ್ರೆ ಸೋಮವಾರ ಸುಮ್ಮನಿದ್ದೋರು ನಾವಲ್ಲ” ಅಂದರು.

ವಿಚಾರಣೆ ಎಪ್ಪತ್ತು ದಿನ ಹಿಡಿಯಿತು. ನನ್ನ ಲಾಗಿನ್ನನ್ನು ಒಂದು ವರ್ಷ ರದ್ದು ಮಾಡಿದರು, ಈಗ ಅಂಗಡಿಯಲ್ಲಿ ಜೆರಾಕ್ಸು, ಲ್ಯಾಮಿನೇಷನ್ನು, ಕೈಬರಹದ ಅರ್ಜಿ ಅಷ್ಟೇ. ಅಕ್ಕನ ಮೊಬೈಲಿಗೂ ಒಂದು ಸಂದೇಶ ಬಂತು: ‘ತಮ್ಮ ದಾಖಲೆ ಸರಿಪಡಿಸಲಾಗಿದೆ. ತಾವು ನಿರುದ್ಯೋಗಿ ಎಂದು ದೃಢೀಕರಿಸಲಾಗಿದೆ.’ ಅವಳಿಗೆ ನಲವತ್ತೈದು ತುಂಬಿ ಆಗಲೇ ಕೆಲವು ದಿನವಾಗಿತ್ತು. ಆ ಸಂದೇಶ ಬಂದಾಗ ಅವಳು ಕೆಲಸದಲ್ಲಿದ್ದಳು, ತರಬೇತಿಗೆ ಸೇರಿದ ಟೈಲರ್ ಹುಡುಗಿಗೆ ಕತ್ತರಿಯ ಕೀಲು ಬಿಡಿಸುವುದನ್ನು ತೋರಿಸುತ್ತಿದ್ದಳಂತೆ. ಹುಡುಗಿ ಚುರುಕು, ಬೇಗ ಕಲಿಯುತ್ತಿದ್ದಾಳೆ ಎಂದು ಅಕ್ಕನೇ ಹೇಳುತ್ತಾಳೆ. ಆ ಹುಡುಗಿಯ ಮೇಲಾದರೂ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ಕಾರಣವಿಲ್ಲ.

ಅಕ್ಕ ನನ್ನ ಜೊತೆ ಮಾತು ಬಿಡಲಿಲ್ಲ. ಮನೆಗೆ ಹೋದರೆ ಟೀ ಕೊಡುತ್ತಾಳೆ, ಊಟ ಮಾಡಿಕೊಂಡು ಹೋಗು ಅನ್ನುತ್ತಾಳೆ. ಭಾವನಿಗೆ ಸರ್ಕಾರದ ತಪ್ಪು ಅಂತಷ್ಟೇ ಹೇಳಿದ್ದಾಳೆ. ಎಲ್ಲ ಮೊದಲಿನಂತೆಯೇ ಇದೆ ಎಂದು ನಾನೂ ನಂಬಿದ್ದೆ.

ಹೋದ ವಾರ ಮತ್ತೆ ಕಂಟ್ರಾಕ್ಟರ್ ಬದಲಾದ. ಹೊಸಬನ ಅರ್ಜಿ ಹಿಡಿದುಕೊಂಡು ಅಕ್ಕ ಅಂಗಡಿಗೆ ಬಂದಳು, ಸ್ಟೂಲಿನ ಮೇಲೆ ಕೂತಳು. ಹೆಸರು, ವಿಳಾಸ, ಅಪ್ಪನ ಹೆಸರು ತುಂಬುತ್ತ ಬಂದೆ. ‘ಹುದ್ದೆ’ ಅನ್ನುವ ಜಾಗದಲ್ಲಿ ಪೆನ್ನು ನಿಂತಿತು.

“ನೆಲ ಒರೆಸೋಳು ಅಂತ ಬರಿ” ಅಂದಳು.

ಬರೆದೆ. ಹಾಳೆ ತಿರುಗಿಸಿ, ಸಹಿ ಹಾಕುವ ಜಾಗದಲ್ಲಿ ಬೆರಳಿಟ್ಟು ತೋರಿಸಿದೆ. ಇಷ್ಟು ವರ್ಷ ನಾನು ಬೆರಳಿಟ್ಟ ಕಡೆ ಅವಳು ಯಾವುದೋ ಮಾತಾಡುತ್ತಲೇ, ಹಾಳೆಯ ಕಡೆ ನೋಡದೆಯೂ ಸಹಿ ಹಾಕುತ್ತಿದ್ದಳು. ಈ ಸಲ ಪೆನ್ನು ತೆಗೆದುಕೊಳ್ಳಲಿಲ್ಲ. ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಕನ್ನಡಕ ಹಾಕಿಕೊಂಡಳು. ಮೊದಲನೆಯ ಸಾಲಿನಿಂದ ಅಕ್ಷರದ ಕೆಳಗೆ ಬೆರಳಾಡಿಸುತ್ತ ತುಟಿ ಅಲ್ಲಾಡಿಸಿ ಓದತೊಡಗಿದಳು. ಏನನ್ನೂ ಬಿಡಲಿಲ್ಲ. ಅಪ್ಪನ ಹೆಸರನ್ನು ಸಹ ಸರಿಯಾಗಿ ಬರೆದಿದ್ದೇನೆಯೋ ಇಲ್ಲವೋ ಎಂದು ಎರಡು ಸಲ ನೋಡಿದಳು.